ಬಾಯ್ಲರ್ ಕಾರ್ಖಾನೆಗೆ ಹೋದ ಹೆರಿಗೆ ಡಾಕ್ಟರ್

ನಾನು ಎಂಬಿಬಿಎಸ್ ಅಂತಿಮ ವರ್ಷದ ವಿದ್ಯಾರ್ಥಿನಿ. ಸ್ಕ್ಯಾನಿಂಗ್ ಕಲಿಸುವಾಗ ನಮಗೆ ಮೊದಲು ಹೇಳಿಕೊಡುವ ಪಾಠ ಸರಳ: ಪರದೆಯಲ್ಲಿ ದ್ರವ ಕಪ್ಪಗೆ ಕಾಣುತ್ತದೆ, ಕಲ್ಲು ಬೆಳ್ಳಗೆ ಕಾಣುತ್ತದೆ. ಈ ವಿದ್ಯೆಯ ಬೇರು ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಡಾ. ಇಯಾನ್ ಡೊನಾಲ್ಡ್.

ಅವರು ಹುಟ್ಟಿದ್ದು 1910ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ. ಓದಿದ್ದು ದಕ್ಷಿಣ ಆಫ್ರಿಕಾ ಮತ್ತು ಲಂಡನ್ನಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ವೈದ್ಯರಾಗಿದ್ದಾಗ, ಉರಿಯುತ್ತಿದ್ದ ವಿಮಾನದಿಂದ ಸೈನಿಕರನ್ನು ಎಳೆದು ತಂದು ಗೌರವ ಪಡೆದರು. ರೇಡಾರ್, ಸೋನಾರ್‌ಗಳ ಪರಿಚಯವಾದದ್ದೂ ಅಲ್ಲಿಯೇ. 1954ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರಸೂತಿ ವಿಭಾಗದ ಪ್ರಾಧ್ಯಾಪಕರಾದರು.

ಮರುವರ್ಷ ಜುಲೈನಲ್ಲಿ ಅವರು ರೆನ್‌ಫ್ರೂನ ಬಾಯ್ಲರ್ ಕಾರ್ಖಾನೆಯೊಂದಕ್ಕೆ ಹೋದರು. ಕಾರಿನಲ್ಲಿದ್ದದ್ದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳು! ಲೋಹದೊಳಗಿನ ಬಿರುಕನ್ನು ಶಬ್ದದ ಪ್ರತಿಧ್ವನಿಯಿಂದ ಪತ್ತೆಹಚ್ಚುವ ಯಂತ್ರ ಅಲ್ಲಿತ್ತು. ಅದನ್ನು ಗಡ್ಡೆಗಳ ಮೇಲಿಟ್ಟರು. ನೀರು ತುಂಬಿದ ಗಡ್ಡೆಯೊಳಗಿಂದ ಪ್ರತಿಧ್ವನಿ ಬರಲಿಲ್ಲ, ಅದರ ಗೋಡೆಗಳಿಂದ ಮಾತ್ರ ಬಂತು. ಗಟ್ಟಿ ಗಡ್ಡೆಯಲ್ಲಿ ಪ್ರತಿಧ್ವನಿ ಹಂತಹಂತವಾಗಿ ಕ್ಷೀಣಿಸಿತು. ನಮ್ಮ ಮೊದಲ ಪಾಠದ ಮೂಲ ಇದೇ.

ಮುಂದೆ ಇಪ್ಪತ್ತರ ಹರೆಯದ ಎಂಜಿನಿಯರ್ ಟಾಮ್ ಬ್ರೌನ್ ತಾವಾಗಿಯೇ ಫೋನ್ ಮಾಡಿ ಜೊತೆಯಾದರು. ಕಿರಿಯ ವೈದ್ಯ ಜಾನ್ ಮ್ಯಾಕ್‌ವಿಕರ್ ಕೂಡ ಸೇರಿದರು. ಹೊಟ್ಟೆ ಮುಟ್ಟಿ ತಿಳಿಯುವುದಕ್ಕೆ ಯಂತ್ರವೇಕೆ ಎಂದು ನಕ್ಕವರೂ ಇದ್ದರು. ಆಗ ಬಂದವರೇ ಹೊಟ್ಟೆ ಊದಿಕೊಂಡಿದ್ದ ಒಬ್ಬ ಮಹಿಳೆ. ವಾಸಿಯಾಗದ ಜಠರದ ಕ್ಯಾನ್ಸರ್ ಎಂದು ಆಸೆ ಬಿಡಲಾಗಿತ್ತು. ಯಂತ್ರ ತೋರಿಸಿದ್ದು ಅಂಡಾಶಯದ ದೊಡ್ಡ ನೀರುಗಡ್ಡೆಯನ್ನು. ಅದನ್ನು ತೆಗೆದರು, ಆಕೆ ಬದುಕಿದರು. 1958ರಲ್ಲಿ ಮೂವರ ಹೆಸರಿನಲ್ಲಿ ಲೇಖನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹೊಟ್ಟೆ ಸ್ಕ್ಯಾನ್‌ಗೆ ಹೋದಾಗ ನೀರು ಕುಡಿದು ಕಾಯಲು ಹೇಳುತ್ತಾರಲ್ಲ? ತುಂಬಿದ ಮೂತ್ರಕೋಶದ ಮೂಲಕ ನೋಡಿದರೆ ಆರೇಳು ವಾರಗಳ ಗರ್ಭವೂ ಕಾಣುತ್ತದೆ ಎಂದು 1963ರಲ್ಲಿ ತೋರಿಸಿದ್ದೂ ಡೊನಾಲ್ಡ್ ಅವರೇ. ಈಗ ಚರ್ಮಕ್ಕೆ ಹಚ್ಚುವ ಜೆಲ್ ಬದಲು ಅವರು ಆಲಿವ್ ಎಣ್ಣೆ ಸವರುತ್ತಿದ್ದರು. ನಡುವೆ ಗಾಳಿ ಉಳಿದರೆ ಶಬ್ದ ಒಳಗೆ ಹೋಗುವುದೇ ಇಲ್ಲ. ಹೃದ್ರೋಗಿಯಾಗಿದ್ದ ಅವರು ಹಲವು ಶಸ್ತ್ರಚಿಕಿತ್ಸೆಗಳ ನಡುವೆಯೂ ದುಡಿದು, 1976ರಲ್ಲಿ ನಿವೃತ್ತರಾಗಿ, 1987ರಲ್ಲಿ ತೀರಿಕೊಂಡರು.

ಗೆಳೆಯರೇ, ನಾವು ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಎಂದು ನಮ್ಮ ನಮ್ಮ ಗೋಡೆಗಳೊಳಗೆ ಕುಳಿತಿದ್ದೇವೆ. ಪ್ರಾಧ್ಯಾಪಕರೊಬ್ಬರು ಕಾರ್ಖಾನೆಯ ಬಾಗಿಲು ತಟ್ಟಿ ಕೇಳಲು ನಾಚಲಿಲ್ಲ. ನಮಗೇಕೆ ಸಂಕೋಚ?

ಇನ್ನೊಂದು ಮಾತು. ತಾಯಿ, ಮಗುವನ್ನು ಉಳಿಸಲು ನೆರವಾದ ಈ ಯಂತ್ರವನ್ನು ನಮ್ಮಲ್ಲಿ ಹೆಣ್ಣುಭ್ರೂಣ ಹುಡುಕಲೂ ಬಳಸಿದರು. ಅದನ್ನು ತಡೆಯಲು 1994ರಲ್ಲಿ ಕಾಯ್ದೆಯೇ ಬರಬೇಕಾಯಿತು. ಯಂತ್ರಕ್ಕೆ ಕಾಣುವುದು ಪ್ರತಿಧ್ವನಿ ಮಾತ್ರ. ಅದನ್ನು ಯಾವುದಕ್ಕೆ ಬಳಸಬೇಕು ಎಂಬುದನ್ನು ನಾಳಿನ ವೈದ್ಯರಾದ ನಾವೇ ಕಲಿಯಬೇಕು.