ಹಲ್ಲು ಕೀಳಿಸಿದರೆ ಸುಸ್ತು ಹೋಗುತ್ತಾ? ಡಾರ್ವಿನ್ ಬದುಕು ಏನು ಹೇಳುತ್ತದೆ?

ಮೈಯಲ್ಲಿ ಸದಾ ಸುಸ್ತಿದ್ದರೆ ಅದಕ್ಕೆ ಹಾಳಾದ ಹಲ್ಲೇ ಕಾರಣ, ಎಲ್ಲ ಹಲ್ಲು ಕೀಳಿಸಿ ಸೆಟ್ ಹಾಕಿಸಿಕೊಂಡರೆ ಸುಸ್ತು ಮಾಯ. ಇಂಥದ್ದೊಂದು ಮೆಸೇಜ್ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂತು. ನಮ್ಮೂರು ಬೂದಿಕೋಟೆ, ಹೈದರಾಲಿ ಹುಟ್ಟಿದ ಊರು. ಅಲ್ಲಿರುವ ನಮ್ಮ ಚಿಕ್ಕಮ್ಮನಿಗೆ ನಾಲ್ಕು ವರ್ಷದಿಂದ ಕ್ರಾನಿಕ್ ಫಟೀಗ್ ಸಿಂಡ್ರೋಮ್. ಜೊತೆಗೆ ಹಲ್ಲುನೋವು, ಬಾಯಿ ಅಗಲಿಸಿದರೆ ಕಿವಿಯ ಹತ್ತಿರ ದವಡೆ ಕೀಲಿನಲ್ಲಿ ನೋವು. ಬಂಗಾರಪೇಟೆಗೆ ಬಸ್ಸಿನಲ್ಲಿ ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿ ಬಂದರೆ ಮರುದಿನದಿಂದ ಎರಡು ದಿನ ಹಾಸಿಗೆಯೇ ಗತಿ. ಹಾಗಾಗಿ ಎಲ್ಲ ಹಲ್ಲನ್ನೂ ಒಂದೇ ಸಲ ತೆಗೆಸಿಬಿಡಲೇ ಎಂದು ಆಕೆ ನನ್ನನ್ನು ಕೇಳಿದರು. ಅವರಿಗೆ ನಾನು ಹೇಳಿದ್ದು ಚಾರ್ಲ್ಸ್ ಡಾರ್ವಿನ್ ಕಥೆ.

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನಲ್ಲಿ. 22ನೇ ವಯಸ್ಸಿಗೆ ಬೀಗಲ್ ಹಡಗು ಹತ್ತಿ ಸುಮಾರು ಐದು ವರ್ಷ ಲೋಕ ಸುತ್ತಿದರು. ಕುದುರೆ ಸವಾರಿ ಮಾಡಿದರು, ಆಂಡಿಸ್ ಪರ್ವತ ಏರಿದರು. 1836ರಲ್ಲಿ ಊರಿಗೆ ಮರಳಿದಾಗ ಗಟ್ಟಿಮುಟ್ಟಾದ ಯುವಕ. ಆಮೇಲೆ ಕೆಲವೇ ವರ್ಷಗಳಲ್ಲಿ ಆರೋಗ್ಯ ಕೈಕೊಟ್ಟಿತು. ವಾಂತಿ, ಹೊಟ್ಟೆನೋವು, ಎದೆ ಬಡಿತ, ತಲೆಸುತ್ತು, ಚರ್ಮದ ತೊಂದರೆ, ಎಲ್ಲಕ್ಕಿಂತ ಹೆಚ್ಚಾಗಿ ವಿಪರೀತ ಸುಸ್ತು. ಮನೆಗೆ ಬಂದ ನೆಂಟರ ಜೊತೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಿದರೂ ಆಮೇಲೆ ಮಲಗಬೇಕಾಗುತ್ತಿತ್ತು.

1842ರಲ್ಲಿ ಲಂಡನ್ ಬಿಟ್ಟು ಡೌನ್ ಎಂಬ ಹಳ್ಳಿ ಸೇರಿದರು. 1849ರಲ್ಲಿ ಮಾಲ್ವರ್ನ್ ಊರಿನಲ್ಲಿ ಡಾಕ್ಟರ್ ಗಲ್ಲಿ ಅವರ ನೀರಿನ ಚಿಕಿತ್ಸೆ ಪಡೆದರು. ಒದ್ದೆ ಬಟ್ಟೆ ಸುತ್ತುವುದು, ತಣ್ಣೀರಿನಲ್ಲಿ ಮೈ ಉಜ್ಜುವುದು ಎಲ್ಲ ಆಯಿತು. ಸ್ವಲ್ಪ ಗುಣ ಕಂಡಿತು, ಆದರೆ ಕಾಯಿಲೆ ಮತ್ತೆ ಬಂತು.

ಈಗ ಹಲ್ಲಿನ ವಿಷಯ. ಡಾರ್ವಿನ್‌ಗೆ ಸಿಹಿ ಎಂದರೆ ಮಕ್ಕಳಷ್ಟೇ ಆಸೆ. ಜೊತೆಗೆ ಪದೇಪದೇ ವಾಂತಿ. ಹೊಟ್ಟೆಯ ಆಮ್ಲ ಬಾಯಿಗೆ ಬಂದಾಗೆಲ್ಲ ಹಲ್ಲಿನ ಹೊರಪದರ ಸವೆಯುತ್ತದೆ ಎಂದು ಇವತ್ತು ನಮಗೆ ಗೊತ್ತು. 1850ರ ಸುಮಾರಿಗೆ ಅವರು ಒಂದೇ ಸಲಕ್ಕೆ ಐದು ದವಡೆ ಹಲ್ಲು ಕೀಳಿಸಿಕೊಂಡರು. ಎರಡನ್ನು ಮೀಟಿ ತೆಗೆಯಬೇಕಾಯಿತು. ಆಗಷ್ಟೇ ಬಳಕೆಗೆ ಬಂದಿದ್ದ ಕ್ಲೋರೋಫಾರ್ಮ್‌ನಿಂದ ಹೆಚ್ಚೇನೂ ನೋವು ಗೊತ್ತಾಗಲಿಲ್ಲ ಎಂದು ಬೀಗಲ್ ಹಡಗಿನಲ್ಲಿ ತಮ್ಮ ಸಹಾಯಕರಾಗಿದ್ದ ಸಿಮ್ಸ್ ಕವಿಂಗ್ಟನ್ ಅವರಿಗೆ ಆಸ್ಟ್ರೇಲಿಯಾಕ್ಕೆ ಪತ್ರ ಬರೆದರು. ಕ್ಲೋರೋಫಾರ್ಮ್ ಹೃದಯಕ್ಕೆ ಅಪಾಯಕಾರಿ ಎಂದು ತಿಳಿದ ಮೇಲೆ ವೈದ್ಯರು ಅದನ್ನು ಕೈಬಿಟ್ಟರು. ಈಗ ಹಲ್ಲಿನ ಸುತ್ತ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಸಾಕು.

ಐದು ಹಲ್ಲು ಹೋದವು. ಸುಸ್ತು ಹೋಯಿತೇ? ಇಲ್ಲ. 1860ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವರದೇ ಸಿದ್ಧಾಂತದ ಬಗ್ಗೆ ದೊಡ್ಡ ವಾದವಿವಾದ ನಡೆದಾಗ ಅವರು ಅಲ್ಲಿರಲಿಲ್ಲ, ಚಿಕಿತ್ಸೆಯಲ್ಲಿದ್ದರು. 1863ರಿಂದ ಎರಡು ಮೂರು ವರ್ಷ ಕಾಯಿಲೆ ಇನ್ನೂ ಜೋರಾಯಿತು.

ಹಾಗಾದರೆ ಅಷ್ಟೊಂದು ಪುಸ್ತಕ ಬರೆದದ್ದು ಹೇಗೆ? ಶಕ್ತಿಯನ್ನು ಅಳೆದು ಖರ್ಚು ಮಾಡಿದರು. ಬೆಳಿಗ್ಗೆ ಒಂದೂವರೆ ಗಂಟೆ ಕೆಲಸ, ಆಮೇಲೆ ಸೋಫಾ. ಮತ್ತೆ ಒಂದೂವರೆ ಗಂಟೆ ಕೆಲಸ, ಆಮೇಲೆ ತೋಟದ ದಾರಿಯಲ್ಲಿ ನಡಿಗೆ. ಮಧ್ಯಾಹ್ನ ಮಲಗಿಕೊಂಡು ಹೆಂಡತಿ ಎಮ್ಮಾ ಓದಿದ್ದನ್ನು ಕೇಳುವುದು. ಸಂಜೆ ಇನ್ನೊಂದು ಗಂಟೆ ಕೆಲಸ. ಕಡಲ ಬಾರ್ನಕಲ್ ಜೀವಿಗಳ ಅಧ್ಯಯನಕ್ಕೆ ಎಂಟು ವರ್ಷ ಹಿಡಿಯಿತು, ಅದರಲ್ಲಿ ಸುಮಾರು ಎರಡು ವರ್ಷ ಕಾಯಿಲೆಗೇ ಹೋಯಿತು. ಆದರೂ 1859ರಲ್ಲಿ ಜೀವಿಗಳ ಉಗಮದ ಪುಸ್ತಕ ಬಂತು, 1881ರಲ್ಲಿ ಎರೆಹುಳುವಿನ ಪುಸ್ತಕ. 1882ರ ಏಪ್ರಿಲ್ 19ರಂದು, 73ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರಿಗಿದ್ದದ್ದು ಯಾವ ಕಾಯಿಲೆ? ಚಾಗಸ್ ರೋಗ, ಹಾಲು ಒಗ್ಗದಿರುವುದು, ಕ್ರಾನಿಕ್ ಫಟೀಗ್, ಹೀಗೆ ಹಲವು ಊಹೆಗಳಿವೆ. ಯಾವುದೂ ಸಾಬೀತಾಗಿಲ್ಲ. ಆದ್ದರಿಂದ ಡಾರ್ವಿನ್‌ಗೆ ಇದೇ ಕಾಯಿಲೆ ಇತ್ತು ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಅದನ್ನೂ ನಂಬಬೇಡಿ.

ಇನ್ನು ಹಲ್ಲು ಕಿತ್ತರೆ ಬೇರೆ ಕಾಯಿಲೆ ವಾಸಿ ಎನ್ನುವ ನಂಬಿಕೆ ಹೊಸದಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕ ಮತ್ತು ಬ್ರಿಟನ್‌ನಲ್ಲಿ ಡಾಕ್ಟರುಗಳೇ ಇದನ್ನು ನಂಬಿ ಸಾವಿರಾರು ಜನರ ಹಲ್ಲು ಕೀಳಿಸಿದರು. ಕಾಯಿಲೆಗಳು ವಾಸಿಯಾಗಲಿಲ್ಲ, ಆ ಪದ್ಧತಿ ಮೂಲೆಗೆ ಸರಿಯಿತು. ಕೀವು ತುಂಬಿದ ಹಲ್ಲಿಗೆ ಚಿಕಿತ್ಸೆ ಬೇಕೇ ಬೇಕು. ಆದರೆ ಗಟ್ಟಿ ಹಲ್ಲು ಕೀಳಿಸಿದರೆ ಕ್ರಾನಿಕ್ ಫಟೀಗ್ ಹೋಗುವುದಿಲ್ಲ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬುದೂ ಸುಳ್ಳೇ. ನಮ್ಮ ಕೋಲಾರ ಜಿಲ್ಲೆಯ ಹಲವೆಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಕಲೆ ಬಿದ್ದ ಮಾತ್ರಕ್ಕೆ ಹಲ್ಲು ಕೀಳಿಸಬೇಕಿಲ್ಲ.

ಸುಸ್ತಿನ ಕಾಯಿಲೆ ಇರುವವರು ಹಲ್ಲಿನ ವಿಷಯದಲ್ಲಿ ಮಾಡಬಹುದಾದದ್ದು ಇಷ್ಟು:

• ಮೈ ಹಗುರವಾಗಿರುವ ಹೊತ್ತಿಗೇ ಅಪಾಯಿಂಟ್‌ಮೆಂಟ್ ಕೇಳಿ. ದೊಡ್ಡ ಕೆಲಸವನ್ನು ಎರಡು ಮೂರು ಸಲಕ್ಕೆ ಹಂಚಲು ಆಗುತ್ತದೆಯೇ ವಿಚಾರಿಸಿ. ಹಿಂದಿನ ದಿನ, ಮರುದಿನ ವಿಶ್ರಾಂತಿ ಇರಲಿ.
• ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ದವಡೆ ನೋವು ಎಲ್ಲವನ್ನೂ ಡಾಕ್ಟರಿಗೆ ಮೊದಲೇ ಹೇಳಿ. ನಡುವೆ ಬಾಯಿ ಮುಚ್ಚಿ ಸುಧಾರಿಸಿಕೊಳ್ಳಲು ಬಿಡುವು ಕೇಳಿ.
• ದವಡೆ ನೋಯುವಾಗ ಮೆತ್ತನೆ ಊಟ, ಬಿಸಿ ಬಟ್ಟೆಯ ಶಾಖ. ಗಟ್ಟಿ ಪದಾರ್ಥ, ಚೂಯಿಂಗ್ ಗಮ್ ಬೇಡ.
• ನಿಲ್ಲಲು ಆಗದಿದ್ದರೆ ಕೂತುಕೊಂಡೇ ಮೆತ್ತನೆ ಬ್ರಷ್, ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿ. ರಾತ್ರಿ ತಪ್ಪಿಸಬೇಡಿ.
• ವಾಂತಿಯಾದರೆ ತಕ್ಷಣ ಉಜ್ಜಬೇಡಿ. ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಡಿ.
• ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ ಕಾಯಬೇಡಿ, ಕೂಡಲೇ ತೋರಿಸಿ.

ಚಿಕ್ಕಮ್ಮ ಕೊನೆಗೆ ಹುಳುಕು ಹಿಡಿದ ಒಂದು ಹಲ್ಲನ್ನು ಮಾತ್ರ ತೆಗೆಸಿದರು, ಉಳಿದವಕ್ಕೆ ತಿಂಗಳು ಬಿಟ್ಟು ತಿಂಗಳು ಹೋಗುತ್ತಿದ್ದಾರೆ. ಸುಸ್ತು ಇನ್ನೂ ಇದೆ, ಆದರೆ ರೊಟ್ಟಿ ತಾವೇ ಜಗಿದು ತಿನ್ನುತ್ತಾರೆ. ನಿಮ್ಮ ಗ್ರೂಪಿಗೂ ಆ ಮೆಸೇಜ್ ಬಂದಿದ್ದರೆ, ಅದರ ಕೆಳಗೆ ಇದನ್ನು ಹಾಕಿ.