ನೆರೆರಾಜ್ಯಗಳ ಲೆಕ್ಕವನ್ನು ಕೂಡಿಸಹೊರಟ ಅಡಾಲ್ಫ್ ಕೆಟ್ಲೆ

ವೈದ್ಯರ ಬಳಿಗೆ ಹೋದವನ ತೂಕವನ್ನೂ ಎತ್ತರವನ್ನೂ ಅಳೆದು, ತೂಕದ ಕಿಲೋಗ್ರಾಮುಗಳನ್ನು ಎತ್ತರದ ಮೀಟರುಗಳ ವರ್ಗದಿಂದ ಭಾಗಿಸಿ, ಬಂದ ಅಂಕಿಯಿಂದ ಅವನು ಸ್ಥೂಲನೋ ಕೃಶನೋ ಎಂದು ನಿರ್ಣಯಿಸುವ ಪದ್ಧತಿಯು ಇಂದು ನಮ್ಮ ಪಟ್ಟಣಗಳಲ್ಲೆಲ್ಲ ರೂಢಿಯಾಗಿದೆ. ಆ ಅಂಕಿಗೆ ಈಗಿರುವ ಇಂಗ್ಲಿಷ್ ಹೆಸರನ್ನು ಇಟ್ಟದ್ದು 1972ರಲ್ಲಿ. ಲೆಕ್ಕವಾದರೋ 1830ರ ದಶಕದ್ದು, ಅದನ್ನು ಕಂಡವನು ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ. ಪಂಡಿತಲೋಕದಲ್ಲಿ ಸುಪ್ರಸಿದ್ಧನಾದ ಈ ಪುರುಷನನ್ನು ನಾವು ಇಂದು ಸ್ಮರಿಸುವುದು ಆ ಅಂಕಿಗಾಗಿ ಅಲ್ಲ. ಪರಸ್ಪರ ಶಂಕೆಯಿಂದ ಬಾಳುತ್ತಿದ್ದ ನೆರೆರಾಜ್ಯಗಳನ್ನು ಒಂದೇ ಸಭೆಯಲ್ಲಿ ಕೂಡಿಸಿ, ತಂತಮ್ಮ ಜನರನ್ನೂ ಬೆಳೆಯನ್ನೂ ರೋಗವನ್ನೂ ಒಂದೇ ರೀತಿಯಾಗಿ ಎಣಿಸಿರೆಂದು ಒಪ್ಪಿಸಲು ಮುಂದಾಳಾಗಿ ನಿಂತವನು ಈತನು. ಆ ಯತ್ನವು ಎಷ್ಟು ದೂರ ಸಾಗಿತು, ಎಲ್ಲಿ ಮುರಿಯಿತು ಎಂಬುದನ್ನು ಕಚೇರಿಗಳಲ್ಲಿ ಕುಳಿತು ತಖ್ತೆಗಳನ್ನು ತುಂಬುವ ನಮ್ಮ ವಾಚಕರು ಅರಿಯುವುದು ಒಳ್ಳೆಯದು.

ಕೆಟ್ಲೆಯು 1796ನೆಯ ಇಸವಿ ಫೆಬ್ರವರಿ 22ರಂದು ಗೆಂಟ್ ಪಟ್ಟಣದಲ್ಲಿ ಜನಿಸಿದನು. ಆಗ ಆ ಸೀಮೆಯು ಫ್ರೆಂಚರ ವಶದಲ್ಲಿತ್ತು. 1815ರಲ್ಲಿ ಡಚ್ಚರ ದೊರೆಯ ಕೈಗೆ ಬಂದಿತು. 1830ರಲ್ಲಿ ದಂಗೆಯೆದ್ದು ಸ್ವತಂತ್ರ ಬೆಲ್ಜಿಯಂ ಆಯಿತು. ತಾಯ್ನಾಡನ್ನು ಬಿಡದೆಯೇ ಈತನು ಮೂವತ್ತೈದು ವರ್ಷ ತುಂಬುವುದರೊಳಗಾಗಿ ಮೂರು ಪ್ರಭುತ್ವಗಳ ಪ್ರಜೆಯಾದನು. ಏಳನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡುದರಿಂದ ಹದಿನೇಳನೆಯ ವಯಸ್ಸಿಗೇ ಉಪಾಧ್ಯಾಯ ವೃತ್ತಿಯನ್ನು ಹಿಡಿಯಬೇಕಾಯಿತು. ಯೌವನದಲ್ಲಿ ಕವಿತೆ ಬರೆದನು, ಚಿತ್ರ ಬಿಡಿಸಿದನು, ಡಾಂಡೆಲಿನ್ ಎಂಬ ಗೆಳೆಯನೊಡನೆ ಸಂಗೀತನಾಟಕವನ್ನೂ ರಚಿಸಿದನು. ಕೊನೆಗೆ ಗಣಿತವೇ ಗೆದ್ದಿತು. ಹೊಸದಾಗಿ ಸ್ಥಾಪಿತವಾಗಿದ್ದ ಗೆಂಟ್ ವಿಶ್ವವಿದ್ಯಾಲಯದಿಂದ 1819ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಬ್ರಸೆಲ್ಸ್ ನಗರಕ್ಕೆ ಅಧ್ಯಾಪಕನಾಗಿ ಹೋದನು.

ಅಲ್ಲಿ ಒಂದು ವೇಧಶಾಲೆಯನ್ನು ಕಟ್ಟಿಸಬೇಕೆಂಬುದು ಅವನ ಹಂಬಲ. ಅದಕ್ಕೆ ಬೇಕಾದ ಜ್ಞಾನವನ್ನು ಸಂಪಾದಿಸಲು 1823ರಲ್ಲಿ ಪ್ಯಾರಿಸಿಗೆ ಹೋದವನು, ನಕ್ಷತ್ರಗಳ ಜೊತೆಗೆ ಮತ್ತೊಂದನ್ನೂ ಕಲಿತು ಬಂದನು: ಲಾಪ್ಲಾಸ್, ಫೂರಿಯೇ ಮೊದಲಾದವರು ಬೆಳೆಸಿದ್ದ ಸಂಭವಗಣಿತ. ಒಂದೇ ನಕ್ಷತ್ರದ ಸ್ಥಾನವನ್ನು ನೂರು ಸಲ ಅಳೆದರೆ ನೂರು ಉತ್ತರಗಳು ಬರುತ್ತವೆ; ಆದರೆ ಅವು ಮನಬಂದಂತೆ ಚೆದುರದೆ ಒಂದು ಮಧ್ಯಬಿಂದುವಿನ ಸುತ್ತ ಕ್ರಮವಾಗಿ ನೆರೆಯುತ್ತವೆ. ಇದೇ ಕ್ರಮವು ಮನುಷ್ಯರಲ್ಲಿಯೂ ಇರಬಾರದೇಕೆ ಎಂದು ಕೆಟ್ಲೆ ವಿಚಾರಿಸಿದನು. ಐದು ಸಾವಿರಕ್ಕೂ ಹೆಚ್ಚು ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಯನ್ನು ಪಟ್ಟಿಮಾಡಿ ನೋಡಿದಾಗ ಅದೇ ಆಕೃತಿ ಕಾಣಿಸಿತು. 1835ರಲ್ಲಿ ಮನುಷ್ಯನನ್ನೂ ಅವನ ಶಕ್ತಿಗಳ ವಿಕಾಸವನ್ನೂ ಕುರಿತು ಅವನು ಪ್ರಕಟಿಸಿದ ಗ್ರಂಥದಲ್ಲಿ ಸರಾಸರಿ ಮನುಷ್ಯನೆಂಬ ಕಲ್ಪನೆ ಪ್ರಸಿದ್ಧಿಗೆ ಬಂತು. ಒಂದು ದೇಶದಲ್ಲಿ ವರ್ಷವರ್ಷವೂ ನಡೆಯುವ ಅಪರಾಧಗಳ ಸಂಖ್ಯೆಯು ಹೆಚ್ಚುಕಡಿಮೆ ಒಂದೇ ಆಗಿರುವುದನ್ನು ಅವನು ತೋರಿಸಿದಾಗ, ಹಾಗಾದರೆ ಮನುಷ್ಯನಿಗೆ ಸ್ವಾತಂತ್ರ್ಯವೇ ಇಲ್ಲವೇ ಎಂದು ಧರ್ಮಜ್ಞರು ಕೋಪಗೊಂಡರು. ಸರಾಸರಿಯನ್ನೇ ಆದರ್ಶವೆಂದು ಕೆಟ್ಲೆ ಭ್ರಮಿಸಿದ್ದು ನಮ್ಮ ಅಭಿಪ್ರಾಯದಲ್ಲಿಯೂ ತಪ್ಪೇ. ಆ ವಾದ ಇಲ್ಲಿಗೆ ಸಾಕು.

ಅವನ ಸ್ವಭಾವವನ್ನು ತಿಳಿಯಲು ಇದಕ್ಕಿಂತ ಚಿಕ್ಕದಾದ ಒಂದು ಘಟನೆ ಹೆಚ್ಚು ಉಪಯುಕ್ತವಾಗಿದೆ. ಡಚ್ಚರ ರಾಜ್ಯದಲ್ಲಿ ಖಾನೇಷುಮಾರಿಯ ಆಲೋಚನೆ ನಡೆಯುತ್ತಿದ್ದಾಗ, ಪ್ರತಿಯೊಬ್ಬನನ್ನೂ ಎಣಿಸುವ ಶ್ರಮವೇತಕ್ಕೆ, ಕೆಲವು ಸ್ಥಳಗಳಲ್ಲಿ ಮಾತ್ರ ಎಣಿಸಿ, ವರ್ಷಕ್ಕೆ ಒಂದು ಜನನಕ್ಕೆ ಎಷ್ಟು ಜನರೆಂದು ಗೊತ್ತುಮಾಡಿಕೊಂಡು, ಆ ಪ್ರಮಾಣದಿಂದ ಇಡೀ ದೇಶದ ಜನನಸಂಖ್ಯೆಯನ್ನು ಗುಣಿಸಿದರೆ ಸಾಕೆಂದು ಕೆಟ್ಲೆ ಸೂಚಿಸಿದನು. ಲಾಪ್ಲಾಸನು ಫ್ರಾನ್ಸಿನಲ್ಲಿ ಇದೇ ಮಾರ್ಗವನ್ನು ಹಿಡಿದು ಸುಮಾರು 28ರ ಗುಣಕವನ್ನು ಪಡೆದಿದ್ದನು. ಆದರೆ ಕೆವರ್‌ಬರ್ಗ್ ಎಂಬ ಅನುಭವಶಾಲಿಯಾದ ಅಧಿಕಾರಿಯು ಆಕ್ಷೇಪಿಸಿದನು: ತಗ್ಗಿನ ಊರು ಬೇರೆ, ಮೇಡಿನ ಊರು ಬೇರೆ, ಪಟ್ಟಣದ ಜನನಮರಣಗಳೇ ಬೇರೆ, ಹಳ್ಳಿಯವೇ ಬೇರೆ, ನೆಲ, ವೃತ್ತಿ, ಸಿರಿತನ, ಬಡತನ ಇವೆಲ್ಲದರಿಂದ ಬದಲಾಗುವ ಪ್ರಮಾಣವನ್ನು ಒಂದೇ ಗುಣಕದಲ್ಲಿ ಕಟ್ಟಿಹಾಕುವುದೆಂತು? ಗಣಿತಜ್ಞನು ಅಧಿಕಾರಿಯ ಮಾತಿಗೆ ತಲೆಬಾಗಿದನು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಎಣಿಸಬೇಕೆಂಬ ಪಕ್ಷಕ್ಕೆ ಸೇರಿ ಜೀವಮಾನವೆಲ್ಲ ಅದರಲ್ಲಿಯೇ ಉಳಿದನು. (ಆಯ್ದು ಎಣಿಸುವ ಮಾರ್ಗವು ಮೂಲತಃ ತಪ್ಪಲ್ಲ, ಆಯ್ಕೆಯು ಕ್ರಮಬದ್ಧವಾಗಿದ್ದರೆ ನಿಲ್ಲುತ್ತದೆ ಎಂಬುದನ್ನು ಒಂದು ಶತಮಾನದ ಮೇಲೆ ನಮ್ಮವರೇ ಆದ ಮಹಾಲನೋಬಿಸರು ಬಂಗಾಳದ ಸೆಣಬಿನ ಹೊಲಗಳಲ್ಲಿ ತೋರಿಸಿಕೊಟ್ಟರು.) ವಿದ್ವಾಂಸನು ಕಚೇರಿಯವನಿಂದ ಕಲಿಯುವುದು ಎಲ್ಲ ಕಾಲಕ್ಕೂ ಅಪರೂಪ.

1830ರ ದಂಗೆಯಲ್ಲಿ ಅವನ ವೇಧಶಾಲೆಯು ಕಟ್ಟಡ ಮುಗಿಯುವುದಕ್ಕೆ ಮೊದಲೇ ಕಾಳಗದ ಠಾಣೆಯಾಯಿತು. ಹೊಸ ರಾಜ್ಯವು ಚಿಕ್ಕದು. ಸುತ್ತಲೂ ಫ್ರಾನ್ಸ್, ಪ್ರಷ್ಯಾ, ಹಾಲೆಂಡ್, ಸಮುದ್ರದಾಚೆ ಇಂಗ್ಲೆಂಡ್. ಇಂಥ ರಾಜ್ಯವು ತನ್ನ ಬಲವನ್ನು ತಾನೇ ಅರಿಯದಿದ್ದರೆ ನೆರೆಯವರು ಹೇಳಿದ ಲೆಕ್ಕವನ್ನೇ ನಂಬಬೇಕಾಗುತ್ತದೆ. 1841ರಲ್ಲಿ ಬೆಲ್ಜಿಯಂ ಸರ್ಕಾರವು ಕೇಂದ್ರ ಸಂಖ್ಯಾಸಂಗ್ರಹ ಸಮಿತಿಯನ್ನು ಸ್ಥಾಪಿಸಿ ಕೆಟ್ಲೆಯನ್ನು ಅಧ್ಯಕ್ಷನನ್ನಾಗಿ ನೇಮಿಸಿತು. ಸಾಯುವವರೆಗೂ ಆ ಪದವಿಯಲ್ಲಿ ಅವನೇ ಇದ್ದನು. ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ನಮೂನೆಗಳಲ್ಲಿ ಕೂಡಿಹಾಕುತ್ತಿದ್ದುದನ್ನು ಒಂದೇ ಸೂತ್ರಕ್ಕೆ ತರುವುದು ಆ ಸಮಿತಿಯ ಕೆಲಸ. 1846ರ ಅಕ್ಟೋಬರ್ 15ರಂದು ಜನರನ್ನೂ ವ್ಯವಸಾಯವನ್ನೂ ಕೈಗಾರಿಕೆಯನ್ನೂ ಒಟ್ಟಿಗೆ ಎಣಿಸಲಾಯಿತು. ಜನಸಂಖ್ಯೆ 43 ಲಕ್ಷಕ್ಕೂ ಮಿಕ್ಕಿತ್ತು. ಮನೆಮನೆಗೂ ನಮೂನೆ, ಒಬ್ಬೊಬ್ಬರ ಹೆಸರು, ಒಂದೇ ಗೊತ್ತಾದ ದಿನ: ಈ ಕ್ರಮವನ್ನು ನೋಡಿ ದೊಡ್ಡ ರಾಜ್ಯಗಳವರೇ ಚಿಕ್ಕ ಬೆಲ್ಜಿಯಂನಿಂದ ಪಾಠ ಕೇಳಿದರು.

ತನ್ನ ಮನೆಯ ಲೆಕ್ಕ ನೆಟ್ಟಗಾದ ಮೇಲೆಯೇ ಕೆಟ್ಲೆಯು ನೆರೆಯವರತ್ತ ತಿರುಗಿದನೆಂಬುದನ್ನು ಗಮನಿಸಬೇಕು. ಇದಕ್ಕೆ ಬೀಜವು ಮೊದಲೇ ಬಿದ್ದಿತ್ತು. 1833ರಲ್ಲಿ ಕೇಂಬ್ರಿಜ್ಜಿನಲ್ಲಿ ನಡೆದ ಬ್ರಿಟಿಷ್ ವಿಜ್ಞಾನಸಭೆಗೆ ಹೋದಾಗ, ತಾನು ತಂದ ಅಂಕಿಗಳನ್ನು ಓದಲು ಅಲ್ಲಿ ತಕ್ಕ ವಿಭಾಗವೇ ಇರಲಿಲ್ಲ. ಮಾಲ್ಥಸ್, ಬ್ಯಾಬೇಜ್ ಮುಂತಾದವರು ಒಂದು ಕೊಠಡಿಯಲ್ಲಿ ಅವನೊಡನೆ ಕೂಡಿ ಮಾತನಾಡಿದರು. ಅದರಿಂದ ವಿಜ್ಞಾನಸಭೆಯಲ್ಲಿ ಹೊಸ ವಿಭಾಗವೂ, ಮರುವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವೂ ಹುಟ್ಟಿದವು. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ನಾನಾ ದೇಶದವರು ನೆರೆದಾಗ, ವಸ್ತುಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಬಹುದಾಗಿತ್ತು, ಅಂಕಿಗಳನ್ನು ಹೋಲಿಸಲಾಗುತ್ತಿರಲಿಲ್ಲ. ನಮ್ಮ ಹಿರಿಯರಿಗೆ ಇದರ ಕಷ್ಟವನ್ನು ಹೇಳಬೇಕಾಗಿಯೇ ಇರಲಿಲ್ಲ: ಒಂದು ಸೀಮೆಯ ಸೇರು ಮತ್ತೊಂದು ಸೀಮೆಯ ಸೇರಲ್ಲ, ಖಂಡುಗವೂ ಹಾಗೆಯೇ, ಗಡಿ ದಾಟಿದ ವರ್ತಕನು ಮೊದಲು ಕೇಳುತ್ತಿದ್ದುದು ಧಾರಣೆಯನ್ನಲ್ಲ, ಅಳತೆಯನ್ನು. ಐರೋಪ್ಯ ರಾಜ್ಯಗಳಲ್ಲಿ ಅಳತೆಗಳಷ್ಟೇ ಅಲ್ಲ, ಮನುಷ್ಯನ ಎಣಿಕೆಯೂ ಹಾಗೆಯೇ ಇತ್ತು. ಒಂದು ಕಡೆ ಆ ರಾತ್ರಿ ಮಲಗಿದ್ದವನನ್ನು ಆ ಊರಿನವನೆಂದು ಬರೆದುಕೊಂಡರು. ಮತ್ತೊಂದು ಕಡೆ ಊರು ಬಿಟ್ಟುಹೋದವನನ್ನೂ ಅವನ ಸ್ವಂತ ಊರಿನ ಲೆಕ್ಕದಲ್ಲಿಯೇ ಇಟ್ಟರು. ಗಡಿಯ ಈಚೆ ದುಡಿದು ಆಚೆ ಸಂಸಾರವಿಟ್ಟ ಕೂಲಿಯವನು ಎರಡೂ ಕಡೆ ಲೆಕ್ಕಕ್ಕೆ ಬರಬಹುದು, ಎರಡೂ ಕಡೆ ಬಿಟ್ಟುಹೋಗಲೂಬಹುದು.

1853 ಕೆಟ್ಲೆಯ ಜೀವನದಲ್ಲಿ ಮಹತ್ತ್ವದ ವರ್ಷ. ಆಗಸ್ಟಿನಲ್ಲಿ ಹತ್ತು ದೇಶಗಳವರು ಬ್ರಸೆಲ್ಸಿನಲ್ಲಿ ಸೇರಿ, ಸಮುದ್ರದ ಮೇಲಿನ ಗಾಳಿಮಳೆಗಳನ್ನು ಹಡಗುಗಳವರೆಲ್ಲ ಒಂದೇ ರೀತಿ ಬರೆದಿಡಬೇಕೆಂದು ಗೊತ್ತುಮಾಡಿದರು, ಅಧ್ಯಕ್ಷನು ಕೆಟ್ಲೆ. ಸೆಪ್ಟೆಂಬರಿನಲ್ಲಿ ಅದೇ ನಗರದಲ್ಲಿ ಪ್ರಥಮ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಮಹಾಸಭೆ ಕೂಡಿತು. 26 ರಾಜ್ಯಗಳಿಂದ ಸುಮಾರು 150 ಮಂದಿ ಬಂದರು. ಜರ್ಮನಿಯೂ ಇಟಲಿಯೂ ಇನ್ನೂ ಒಂದಾಗಿರದ ಕಾಲವದು. ಅಂಥವರ ಮುಂದೆ ಕೆಟ್ಲೆಯು ಅತಿಯಾಗಿ ಏನನ್ನೂ ಬೇಡಲಿಲ್ಲ. ಪ್ರತಿಯೊಂದು ರಾಜ್ಯವೂ ತನ್ನಲ್ಲಿ ಒಂದು ಕೇಂದ್ರ ಸಮಿತಿಯನ್ನು ನಿಲ್ಲಿಸಲಿ. ಆ ಸಮಿತಿಗಳು ತಮ್ಮ ಪ್ರಕಟನೆಗಳನ್ನು ಪರಸ್ಪರ ಕಳುಹಿಸಿಕೊಳ್ಳಲಿ. ಖಾನೇಷುಮಾರಿಯು ಹತ್ತು ವರ್ಷಕ್ಕೊಮ್ಮೆ, ಹೆಸರುಗಳನ್ನು ಹಿಡಿದು, ಸಾಧ್ಯವಾದಷ್ಟು ಒಂದೇ ದಿನ ನಡೆಯಲಿ. ಮುಂದಿನ ಸಭೆಯನ್ನು ಮತ್ತೊಂದು ರಾಜಧಾನಿಯು ಕರೆಯಲಿ. ಹೀಗೆ ಸರದಿಯು ತಿರುಗುವುದರಿಂದ ಯಾವ ದೊಡ್ಡ ರಾಜ್ಯಕ್ಕೂ ಇದು ತನ್ನದೆಂಬ ಗರ್ವವಾಗಲಿ, ಯಾವ ಚಿಕ್ಕದಕ್ಕೂ ತಾನು ಅಧೀನನೆಂಬ ಕೊರಗಾಗಲಿ ಹುಟ್ಟಲು ಅವಕಾಶ ಕಡಮೆಯಾಯಿತು. ಚಿಕ್ಕ ದೇಶದವನಿಗೆ ಮಾತ್ರ ಹೊಳೆಯಬಹುದಾದ ಉಪಾಯವಿದು ಎಂದು ನಾವು ಭಾವಿಸುತ್ತೇವೆ.

ಆ ಸಭೆಯ ಎರಡು ಫಲಗಳು ವಿಶೇಷವಾದವು. ಕೂಲಿಕಾರರ ಸಂಸಾರಗಳು ಏನು ಗಳಿಸುತ್ತವೆ, ಅನ್ನಕ್ಕೆಷ್ಟು, ಬಾಡಿಗೆಗೆಷ್ಟು ವೆಚ್ಚಮಾಡುತ್ತವೆ ಎಂಬುದನ್ನು ಸಂಗ್ರಹಿಸಬೇಕೆಂದು ಗೊತ್ತಾಯಿತು. ಬೆಲ್ಜಿಯಂನಲ್ಲಿ ಡ್ಯುಕ್‌ಪೆಸಿಯೋ ಎಂಬವನು ಆ ಲೆಕ್ಕಗಳನ್ನು ಕೂಡಿಸಿ 1855ರಲ್ಲಿ ಅಚ್ಚುಹಾಕಿಸಿದನು. ಅವನ್ನು ಮಥಿಸಿಯೇ 1857ರಲ್ಲಿ ಸ್ಯಾಕ್ಸನಿಯ ಎಂಗೆಲ್ ಎಂಬ ಪಂಡಿತನು, ಬಡತನ ಹೆಚ್ಚಿದಷ್ಟೂ ಗಳಿಕೆಯ ದೊಡ್ಡ ಪಾಲು ಅನ್ನಕ್ಕೇ ಹೋಗುತ್ತದೆಂಬ ನಿಯಮವನ್ನು ಸ್ಥಾಪಿಸಿದನು. ಎರಡನೆಯದು ಮರಣಕಾರಣಗಳ ಪಟ್ಟಿ. ಒಂದೇ ರೋಗಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರಿದ್ದರೆ, ಸಾಂಕ್ರಾಮಿಕವು ಎಲ್ಲಿಂದ ಎಲ್ಲಿಗೆ ಹರಡಿತೆಂದು ತಿಳಿಯುವ ಬಗೆ ಹೇಗೆ? ಕಾಲರಾ ಗಡಿಗಳನ್ನು ಲೆಕ್ಕಿಸದೆ ತಿರುಗುತ್ತಿದ್ದ ಕಾಲ. ಲಂಡನ್ನಿನ ವಿಲಿಯಂ ಫಾರ್ ಮತ್ತು ಜಿನೀವದ ಮಾರ್ಕ್ ದೆಸ್ಪಿನ್ ಎಂಬಿಬ್ಬರಿಗೆ ಏಕರೂಪದ ಪಟ್ಟಿಯನ್ನು ಸಿದ್ಧಪಡಿಸಲು ಒಪ್ಪಿಸಿದರು. ಇಬ್ಬರೂ ಬೇರೆ ಬೇರೆ ಪಟ್ಟಿಗಳನ್ನು ತಂದರು! 1855ರ ಪ್ಯಾರಿಸ್ ಸಭೆಯು ಎರಡನ್ನೂ ಸಂಧಿಮಾಡಿ 139 ಶೀರ್ಷಿಕೆಗಳ ಪಟ್ಟಿಯೊಂದನ್ನು ಅಂಗೀಕರಿಸಿತು.

ಅದೇ 1855ರಲ್ಲಿ ಕೆಟ್ಲೆಗೆ ಲಕ್ವದ ಆಘಾತವಾಗಿ ಜ್ಞಾಪಕಶಕ್ತಿ ಕುಂದಿತು. ಬರವಣಿಗೆಯಲ್ಲಿ ಹಿಂದಿನ ಹರಿತ ಉಳಿಯಲಿಲ್ಲವೆಂದು ಗ್ರಂಥಗಳನ್ನು ಬಲ್ಲವರು ಹೇಳುತ್ತಾರೆ. ಆದರೂ ಮಹಾಸಭೆಯನ್ನು ಅವನು ಬಿಡಲಿಲ್ಲ. 1857ರಲ್ಲಿ ವಿಯೆನ್ನ, 1860ರಲ್ಲಿ ಲಂಡನ್. ಲಂಡನ್ ಸಭೆಯನ್ನು ಪ್ರಾರಂಭಿಸಿದ ರಾಜಕುಮಾರ ಆಲ್ಬರ್ಟನು ಹದಿಹರೆಯದಲ್ಲಿ ಬ್ರಸೆಲ್ಸಿನಲ್ಲಿ ಕೆಟ್ಲೆಯಿಂದ ಗಣಿತ ಕಲಿತವನು. ತುಂಬಿದ ಸಭೆಯಲ್ಲಿ ಗುರುವನ್ನು ಕೃತಜ್ಞತೆಯಿಂದ ನೆನೆದನು. ಫ್ಲಾರೆನ್ಸ್ ನೈಟಿಂಗೇಲಳು ಆಸ್ಪತ್ರೆಗಳೆಲ್ಲ ಒಂದೇ ನಮೂನೆಯಲ್ಲಿ ರೋಗಿಗಳ ಲೆಕ್ಕವಿಡಬೇಕೆಂದು ಕಳುಹಿಸಿದ ಯೋಜನೆಯು ಅಲ್ಲಿ ಓದಲ್ಪಟ್ಟಿತು.

ಆ ಸಭೆಯಲ್ಲಿಯೇ ಮತ್ತೊಂದು ನಡೆಯಿತು. ಮಾರ್ಟಿನ್ ಡಿಲೇನಿ ಎಂಬ ನೀಗ್ರೋ ವೈದ್ಯನೊಬ್ಬನು ಸದಸ್ಯನಾಗಿ ಬಂದಿದ್ದನು. ಲಾರ್ಡ್ ಬ್ರೂಮನು ಅಮೆರಿಕದ ರಾಯಭಾರಿಯತ್ತ ತಿರುಗಿ ಆ ಸಂಗತಿಯನ್ನು ಎತ್ತಿ ಹೇಳಿದನು. ಡಿಲೇನಿಯು ಎದ್ದುನಿಂತು ತಾನೂ ಮನುಷ್ಯನೆಂದು ಸಭೆಗೆ ತಿಳಿಸಿದನು. ಸಭೆ ಹರ್ಷಧ್ವನಿ ಮಾಡಿತು. ಅಮೆರಿಕದ ಪ್ರತಿನಿಧಿ ಲಾಂಗ್‌ಸ್ಟ್ರೀಟನು ಮುನಿದು ಎದ್ದುಹೋದನು. ಪ್ರತಿಯೊಬ್ಬ ಮನುಷ್ಯನನ್ನೂ ಹೆಸರು ಹಿಡಿದು ಎಣಿಸಬೇಕೆಂಬುದು ಆ ಮಹಾಸಭೆಯ ಮೊದಲನೆಯ ನಿರ್ಣಯಗಳಲ್ಲೊಂದು. ಲಾಂಗ್‌ಸ್ಟ್ರೀಟನ ದೇಶದಲ್ಲಿ ಅದೇ 1860ರ ಖಾನೇಷುಮಾರಿಯು ಗುಲಾಮರನ್ನು ಬೇರೆ ತಖ್ತೆಯಲ್ಲಿ, ಸಾಮಾನ್ಯವಾಗಿ ಹೆಸರಿಲ್ಲದೆ, ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇವಿಷ್ಟನ್ನೇ ಬರೆದು ಎಣಿಸುತ್ತಿತ್ತು. ತಖ್ತೆಯಲ್ಲಿ ಒಂದು ಕಲಮು ಇರುವುದೂ ಇಲ್ಲದಿರುವುದೂ ಎಷ್ಟು ದೊಡ್ಡ ವಿಷಯವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವನ್ನು ನಾವು ಅರಿಯೆವು.

1865ರಲ್ಲಿ ಕೆಟ್ಲೆಯೂ ಅವನ ಸಹೋದ್ಯೋಗಿ ಹ್ಯುಷ್ಲಿಂಗನೂ ಐರೋಪ್ಯ ರಾಜ್ಯಗಳ ಮತ್ತು ಅಮೆರಿಕದ ಅಧಿಕಾರಿಗಳ ನೆರವಿನಿಂದ ನಾನಾ ದೇಶಗಳ ಜನಸಂಖ್ಯೆಯ ಅಂಕಿಗಳನ್ನು ಒಂದೇ ಸಂಪುಟದಲ್ಲಿ ಪ್ರಕಟಿಸಿದರು. ಹನ್ನೆರಡು ವರ್ಷಗಳ ಪತ್ರವ್ಯವಹಾರದ ಬೆಳೆಯಿದು. ಅಷ್ಟರಲ್ಲಿಯೇ ದೋಷವೂ ಗೋಚರವಾಗಿತ್ತು. ಮಹಾಸಭೆಯು ನಿರ್ಣಯಗಳನ್ನು ಮಾಡಬಲ್ಲದು, ಮಾಡಿಸಲಾರದು. ಮೂರು ವರ್ಷಕ್ಕೊಮ್ಮೆ ಕೂಡಿ, ಊಟ ಮಾಡಿ, ಉದ್ದನೆಯ ಪಟ್ಟಿಗಳನ್ನು ಒಪ್ಪಿ ಊರಿಗೆ ಹೋದ ಅಧಿಕಾರಿಗೆ ಅಲ್ಲಿ ಮಂತ್ರಿಯು ಹಣ ಕೊಡದಿದ್ದರೆ ಪಟ್ಟಿಯು ಕಪಾಟಿನಲ್ಲಿಯೇ ಉಳಿಯಿತು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿತು. ಆದರೂ 1872ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಎಂಟನೆಯ ಸಭೆ ಕೂಡಿ, ಖಾನೇಷುಮಾರಿಯಲ್ಲಿ ಯಾವ ಪ್ರಶ್ನೆಗಳು ಎಲ್ಲ ದೇಶಕ್ಕೂ ಅವಶ್ಯವೆಂದು ವಿಂಗಡಿಸಿತು; ಸಭೆಸಭೆಯ ನಡುವೆ ಕೆಲಸ ನಡೆಸಲು ಒಂದು ಸ್ಥಿರಸಮಿತಿಯನ್ನೂ ಏರ್ಪಡಿಸಿತು. ಎಪ್ಪತ್ತಾರು ವರ್ಷದ ಕೆಟ್ಲೆಯು ಅಷ್ಟು ದೂರ ಪ್ರಯಾಣಮಾಡಿ ಅಲ್ಲಿ ಉಪಸ್ಥಿತನಿದ್ದನು. 1874ರ ಫೆಬ್ರವರಿ 17ರಂದು ಬ್ರಸೆಲ್ಸಿನಲ್ಲಿ ಕಾಲವಾದನು.

ಸ್ಥಿರಸಮಿತಿಯೇ ಮಹಾಸಭೆಗೆ ಮುಳುವಾಯಿತು. ಹೊರಗಿನವರ ಸಮಿತಿಯೊಂದು ತನ್ನ ಇಲಾಖೆಗಳಿಗೆ ನಿಯಮ ಹಾಕುವುದನ್ನು ಬಿಸ್ಮಾರ್ಕನು ಸಹಿಸದೆ ತನ್ನ ಅಧಿಕಾರಿಗಳನ್ನು ಹಿಂದೆಗೆದುಕೊಂಡನು. 1876ರ ಬುಡಾಪೆಸ್ಟ್ ಸಭೆಯೇ ಕಡೆಯದಾಯಿತು. 1878ರ ಬಳಿಕ ಸಮಿತಿಯೂ ಕೂಡಲಿಲ್ಲ. 1885ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಸರ್ಕಾರಗಳ ಸಂಘವಾಗಿರದೆ ವಿದ್ವಾಂಸರ ಸಂಘವಾಗಿಯೇ ನಿಂತಿತು. ನೆರೆರಾಜ್ಯಗಳು ಕಾನೂನಿನ ಕಟ್ಟಿನಿಂದ ಒಂದೇ ಲೆಕ್ಕವನ್ನಿಡುವ ಕೆಲಸವು ಪಶ್ಚಿಮ ಯೂರೋಪಿನಲ್ಲಿ ಮತ್ತೆ ತಲೆಯೆತ್ತಿದ್ದು 1953ರಲ್ಲಿ, ಕಲ್ಲಿದ್ದಲು ಮತ್ತು ಉಕ್ಕಿನ ಒಕ್ಕೂಟದ ಕಚೇರಿಯಾಗಿ. ಬ್ರಸೆಲ್ಸ್ ಸಭೆಗೆ ಆಗ ಸರಿಯಾಗಿ ನೂರು ವರ್ಷ. ಆಗ್ನೇಯ ಏಷ್ಯದ ಆಸಿಯಾನ್ ದೇಶಗಳು 2016ರಿಂದ 2025ರವರೆಗೆ ಹಾಕಿಕೊಂಡ ಯೋಜನೆಯು ಕೆಟ್ಲೆಯ ಮಾರ್ಗವನ್ನೇ ಹೋಲುತ್ತದೆ: ಪ್ರತಿ ದೇಶದ ಕಚೇರಿ ಪ್ರತಿ ದೇಶದ್ದೇ, ಅಂಕಿಗಳು ಮಾತ್ರ ಹೋಲಿಕೆಗೆ ಒದಗಬೇಕು.

ಮರಣಕಾರಣಗಳ ಪಟ್ಟಿಯು ಮಾತ್ರ ಮಹಾಸಭೆಯೊಡನೆ ಸಾಯಲಿಲ್ಲ. 1893ರಲ್ಲಿ ಬರ್ಟಿಯೋನ್ ಎಂಬ ಫ್ರೆಂಚ್ ಪಂಡಿತನು ಅದನ್ನು ಹೊಸದಾಗಿ ರಚಿಸಿದನು; ತರುವಾಯ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ವಹಿಸಿಕೊಂಡು ಮೇಲಿಂದ ಮೇಲೆ ತಿದ್ದುತ್ತ ಬಂದಿದೆ. ನಮ್ಮ ಆಸ್ಪತ್ರೆಗಳಲ್ಲಿ ಒಬ್ಬನು ತೀರಿಕೊಂಡಾಗ ವೈದ್ಯನು ಬರೆದುಕೊಡುವ ಕಾರಣವನ್ನು ಲೆಕ್ಕದ ಕಚೇರಿಯವರು ವಿಂಗಡಿಸುವುದು ಆ ಪಟ್ಟಿಯ ಸಂಖ್ಯೆಗಳ ಮೇರೆಗೆ.