ಗಾಜಿನ ತೊಟ್ಟಿಯಲ್ಲಿ ಕಡಲು ಕಂಡವನು: ಫಿಲಿಪ್ ಹೆನ್ರಿ ಗಾಸ್

ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ವೈದ್ಯರ ಕೊಠಡಿಯಲ್ಲಿ, ಸ್ನೇಹಿತರ ಮನೆಯ ನಡುಮನೆಯಲ್ಲಿ ಗಾಜಿನ ತೊಟ್ಟಿಯೊಂದನ್ನು ಕಂಡರೆ ಇಂದು ನಾವಾರೂ ಅಚ್ಚರಿಪಡುವುದಿಲ್ಲ. ನಾಲ್ಕು ಬಣ್ಣದ ಮೀನು, ಎರಡು ಹಸುರು ಗಿಡ, ಗುಳುಗುಳು ಎಂದು ಮೇಲೇರುವ ಗಾಳಿಗುಳ್ಳೆ, ಇಷ್ಟಿದ್ದರೆ ಅದು ಅಕ್ವೇರಿಯಂ. ಆದರೆ ಈ ಹೆಸರನ್ನು ಈ ವಸ್ತುವಿಗೆ ನೆಲೆಗೊಳಿಸಿದವನು ಯಾರು, ಆತನ ಬಾಳು ಹೇಗೆ ಸಾಗಿತು ಎಂಬುದನ್ನು ಬಲ್ಲವರು ವಿರಳ. ಆ ಮಹನೀಯನೇ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಹೆನ್ರಿ ಗಾಸ್. ಆತನ ಜೀವನದಲ್ಲಿ ಕೀರ್ತಿಯೂ ಉಂಟು, ಕಣ್ಣೀರೂ ಉಂಟು. ನಾವು ತಿಳಿದುಕೊಳ್ಳಬೇಕಾದ ಪಾಠವೂ ಉಂಟು.

ಗಾಸನು 1810ನೆಯ ಇಸವಿ ಏಪ್ರಿಲ್ 6ರಂದು ವುಸ್ಟರ್ ಪಟ್ಟಣದಲ್ಲಿ ಜನಿಸಿದನು. ತಂದೆ ಊರೂರು ತಿರುಗಿ ಪುಟ್ಟ ಪುಟ್ಟ ಭಾವಚಿತ್ರಗಳನ್ನು ಬರೆದು ಜೀವಿಸುತ್ತಿದ್ದ ಬಡ ಚಿತ್ರಕಾರ. ತಾಯಿ ಮದುವೆಗೆ ಮೊದಲು ದೊಡ್ಡವರ ಮನೆಯಲ್ಲಿ ಊಳಿಗದಲ್ಲಿದ್ದವಳು. ಕುಟುಂಬವು ಬೇಗನೆ ಪೂಲ್ ಎಂಬ ಕಡಲತೀರದ ಊರಿಗೆ ಬಂದು ನೆಲಸಿತು. ಅಲ್ಲಿ ಬೆಲ್ ಎಂಬ ಮನೆತನಕ್ಕೆ ಸೇರಿದ ಸೋದರತ್ತೆಯೊಬ್ಬಳು ಬಾಲಕನಿಗೆ ಸಮುದ್ರದ ಹೂವುಗಳಂತೆ ಅರಳುವ ಅನಿಮೋನ್ ಪ್ರಾಣಿಗಳನ್ನು ತೋರಿಸಿ, ಅವನ್ನು ಕಡಲನೀರು ತುಂಬಿದ ಪಾತ್ರೆಯಲ್ಲಿ ಇಟ್ಟು ನೋಡುವಂತೆ ಹೇಳಿದಳು. ಆ ಮಾತು ಮುಂದೆ ಎಂಥ ಮರವಾಗಿ ಬೆಳೆದೀತೆಂದು ಆಕೆಗೆ ತಿಳಿದಿರಲಿಲ್ಲ. ತಂದೆಯಿಂದ ಕುಂಚವೂ ಅತ್ತೆಯಿಂದ ಕಣ್ಣೂ ಬಾಲಕನಿಗೆ ದೊರೆತುವು.

ಬಡತನದ ಮನೆಯಲ್ಲಿ ವಿದ್ಯಾಭ್ಯಾಸ ಬಹುಕಾಲ ನಡೆಯಲಿಲ್ಲ. ಹದಿನೈದನೆಯ ವಯಸ್ಸಿಗೇ ಗಾಸನು ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಗುಮಾಸ್ತನಾದನು. 1827ರಲ್ಲಿ ಹಡಗು ಹತ್ತಿ ಅಟ್ಲಾಂಟಿಕ್ ಸಾಗರದಾಚೆಯ ನ್ಯೂಫೌಂಡ್‌ಲೆಂಡಿಗೆ ಹೋದನು. ಕಾರ್ಬೊನಿಯರ್ ಎಂಬ ಆ ಊರಿನಲ್ಲಿ ಮೀನಿನ ವ್ಯಾಪಾರದ ಲೆಕ್ಕ ಬರೆಯುವುದೇ ಕೆಲಸ. 1832ರಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಹಳೆಯ ಪುಸ್ತಕವೊಂದನ್ನು ಕೊಂಡು ಓದಿದನು. ಅದೇ ಆತನ ವಿಶ್ವವಿದ್ಯಾನಿಲಯ. ಅಂದಿನಿಂದ ಹಗಲು ಲೆಕ್ಕದ ಪುಸ್ತಕ, ಬಿಡುವಿನಲ್ಲಿ ಕೀಟಗಳ ಸಂಗ್ರಹ ಎಂಬಂತೆ ದಿನಗಳು ಕಳೆದುವು. ಅದೇ ವರುಷ ಆತನ ಮನಸ್ಸು ಆಳವಾಗಿ ದೈವಭಕ್ತಿಯ ಕಡೆಗೂ ತಿರುಗಿತು. ಪ್ರಕೃತಿಯ ಮೋಹ, ಬೈಬಲಿನ ಮೇಲಿನ ಅಚಲ ವಿಶ್ವಾಸ, ಇವೆರಡೂ ಒಟ್ಟಿಗೆ ಹುಟ್ಟಿ ಕೊನೆಯವರೆಗೆ ಆತನೊಡನೆ ನಡೆದುವು.

ಮುಂದಿನ ಕೆಲವು ವರ್ಷ ಸೋಲಿನ ಮೇಲೆ ಸೋಲು. 1835ರಲ್ಲಿ ಕೆನಡಾದ ಕಾಂಪ್ಟನ್ನಿನಲ್ಲಿ ಬೇಸಾಯಕ್ಕೆ ಕೈಹಾಕಿದನು. ಮೂರು ವರ್ಷದ ದುಡಿಮೆಯಿಂದ ಚಿಟ್ಟೆಗಳ ಮೇಲಿನ ಟಿಪ್ಪಣಿಗಳು ಹೆಚ್ಚಿದುವೇ ಹೊರತು ಕಣಜ ತುಂಬಲಿಲ್ಲ. 1838ರಲ್ಲಿ ಅಮೆರಿಕದ ಅಲಬಾಮಾ ಪ್ರಾಂತಕ್ಕೆ ಹೋಗಿ ಹತ್ತಿಯ ತೋಟಗಾರರ ಮಕ್ಕಳಿಗೆ ಉಪಾಧ್ಯಾಯನಾದನು. ಅಲ್ಲಿಯ ಕೀಟಗಳು ಆತನನ್ನು ಮರುಳುಮಾಡಿದುವು. ಅಲ್ಲಿಯ ಗುಲಾಮಗಿರಿ ಆತನ ಹೃದಯವನ್ನು ಸುಟ್ಟಿತು. ಒಂದು ವರ್ಷ ತುಂಬುವ ಮೊದಲೇ ಆ ನಾಡನ್ನು ಬಿಟ್ಟು, 1839ರಲ್ಲಿ ಬರಿಗೈಯಲ್ಲಿ ಇಂಗ್ಲೆಂಡಿಗೆ ಮರಳಿದನು. ಬರಿಗೈ ಎನ್ನುವುದು ಪೂರ್ತಿ ಸರಿಯಲ್ಲ. ಕೈಯಲ್ಲಿ ಒಂದು ಹಸ್ತಪ್ರತಿ ಇತ್ತು. ಅದು 1840ರಲ್ಲಿ ಕೆನಡಾದ ನಿಸರ್ಗವನ್ನು ಕುರಿತ ಗ್ರಂಥವಾಗಿ ಅಚ್ಚಾಯಿತು. ಗುಮಾಸ್ತನು ಗ್ರಂಥಕರ್ತನಾದನು.

1844ರಿಂದ 1846ರವರೆಗೆ ಗಾಸನು ಜಮೈಕಾ ದ್ವೀಪದಲ್ಲಿ ಹದಿನೆಂಟು ತಿಂಗಳು ಪಕ್ಷಿಗಳನ್ನು ಅಭ್ಯಾಸ ಮಾಡಿದನು. ಅದರ ಫಲವಾಗಿ ಬಂದ ಗ್ರಂಥಗಳು ಆತನಿಗೆ ವಿದ್ವಾಂಸರ ನಡುವೆ ಸ್ಥಾನವನ್ನು ಕೊಟ್ಟುವು. 1848ರಲ್ಲಿ ಎಮಿಲಿ ಬೋವ್ಸ್ ಎಂಬ ವಿದ್ಯಾವತಿಯೊಡನೆ ವಿವಾಹವಾಯಿತು. ಮರುವರ್ಷ ಎಡ್ಮಂಡ್ ಹುಟ್ಟಿದನು. ಮಗ ಹುಟ್ಟಿದ ಸುದ್ದಿಯನ್ನೂ ಜಮೈಕಾದಿಂದ ಹಸುರು ಬಾನಾಡಿಯೊಂದು ಬಂದ ಸುದ್ದಿಯನ್ನೂ ಗಾಸನು ದಿನಚರಿಯಲ್ಲಿ ಒಂದರ ಕೆಳಗೊಂದು ಬರೆದಿಟ್ಟನಂತೆ. ಇದನ್ನು ಕೇಳಿ ನಗುವವರು ನಗಬಹುದು. ಆದರೆ ಆತನಿಗೆ ಎರಡೂ ಭಗವಂತನ ಮನೆಯಿಂದ ಬಂದ ಕಾಣಿಕೆಗಳೇ.

ಇನ್ನು ಅಕ್ವೇರಿಯಮ್ಮಿನ ವಿಷಯ. ಮೀನನ್ನು ಗಾಜಿನ ಬೋಗುಣಿಯಲ್ಲಿ ಇಡುವುದು ಹಳೆಯ ಹವ್ಯಾಸವೇ. ಆದರೆ ದಿನದಿನವೂ ನೀರು ಬದಲಾಯಿಸದಿದ್ದರೆ ಮೀನು ಸಾಯುತ್ತಿತ್ತು. ಲಂಡನ್ನಿನಲ್ಲಿ ಆನ್ ಥಿನ್ ಎಂಬ ಮಹಿಳೆ 1846ರಲ್ಲಿ ಕಡಲಿನಿಂದ ಹವಳದ ಜೀವಿಗಳನ್ನು ತಂದು, ಕಿಟಕಿಯ ಬಳಿ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸಿ ಗಾಳಿ ಬೆರೆಸಿ ಅವನ್ನು ಉಳಿಸಿಕೊಂಡಳು. ಸುರಿಯುವ ದುಡಿಮೆಯೆಲ್ಲ ಮನೆಯ ದಾಸಿಯದು! ಇಂದು ಸಣ್ಣ ವಿದ್ಯುತ್ ಪಂಪು ಮಾಡುವ ಕೆಲಸವನ್ನು ಅಂದು ಆಕೆಯ ತೋಳುಗಳು ಮಾಡಿದುವು.

ಸಿಹಿನೀರಿನ ತೊಟ್ಟಿಯ ಗುಟ್ಟನ್ನು ಬಿಡಿಸಿದವನು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ. 1849ರಲ್ಲಿ ಆತನು ಹನ್ನೆರಡು ಗ್ಯಾಲನ್ನಿನ ಗಾಜಿನ ಪಾತ್ರೆಯಲ್ಲಿ ಎರಡು ಚಿಕ್ಕ ಹೊನ್ನಮೀನುಗಳನ್ನು ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನು ನೆಟ್ಟನು. ಮೀನು ಉಸಿರಾಡಿ ಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರುವುದು; ಗಿಡ ಬೆಳಕಿನಲ್ಲಿ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡುವುದು; ಇದೇ ಆತನ ಲೆಕ್ಕ. ಲೆಕ್ಕ ಸರಿಯಾಗಿತ್ತು, ಆದರೆ ಒಂದು ಅಂಕಿ ಬಿಟ್ಟುಹೋಗಿತ್ತು. ಹಣ್ಣೆಲೆಗಳು ಕೊಳೆತು ನೀರು ಕದಡಿತು; ಗಾಜಿನ ಮೇಲೆ ಹಸುರು ಪಾಚಿ ಕಟ್ಟಿತು. ಆಗ ವಾರಿಂಗ್ಟನ್ ಕೆಲವು ಕೊಳದ ಬಸವನಹುಳುಗಳನ್ನು ಒಳಗೆ ಬಿಟ್ಟನು. ಅವು ಕೊಳೆತದ್ದನ್ನೂ ಪಾಚಿಯನ್ನೂ ತಿಂದು ತೊಟ್ಟಿಯನ್ನು ತಿಳಿಯಾಗಿಸಿದುವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. ಮೀನು, ಗಿಡ, ಹುಳು, ಈ ಮೂವರ ಪುಟ್ಟ ಸಂಸಾರವು ನೀರು ಬದಲಾಯಿಸದೆಯೇ ನಡೆಯಿತು. 1850ರಲ್ಲಿ ಈ ಪ್ರಯೋಗ ಪ್ರಕಟವಾಯಿತು.

ಇದೇ ತತ್ತ್ವವನ್ನು ಕಡಲನೀರಿಗೆ ಹೊಂದಿಸಲು ವಾರಿಂಗ್ಟನ್ ಒಂದು ಕಡೆ, ಗಾಸ್ ಇನ್ನೊಂದು ಕಡೆ ತೊಡಗಿದರು. ಅತಿಯಾದ ದುಡಿಮೆಯಿಂದ ದೇಹಸ್ಥಿತಿ ಕೆಟ್ಟು, 1852ರಲ್ಲಿ ಗಾಸನು ಹೆಂಡತಿ ಮಗುವಿನೊಡನೆ ಡೆವನ್ ಪ್ರಾಂತದ ಕಡಲತೀರಕ್ಕೆ ಹೋಗಿದ್ದನು. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಣ ಗುಂಡಿಗಳಲ್ಲಿ ಆತನು ಕಂಡ ಲೋಕ ಆತನ ಕಾಯಿಲೆಯನ್ನು ಮರೆಸಿತು. ಆ ಜೀವಿಗಳನ್ನು ಜಾಡಿಗಳಲ್ಲಿಟ್ಟು, ಯಾವ ಕಳೆ ಬಾಳುತ್ತದೆ, ಯಾವುದು ಕೊಳೆಯುತ್ತದೆ ಎಂದು ತಿಂಗಳುಗಟ್ಟಲೆ ಪರೀಕ್ಷಿಸಿದನು. ಕಣ್ಣಿಗೆ ಚೆಲುವಾದ ಕೆಂಪು ಕಳೆಗಿಂತ ಸಾಮಾನ್ಯವಾದ ಹಸುರು ಕಳೆಯೇ ತೊಟ್ಟಿಗೆ ಹಿತವೆಂದು ಕಂಡುಕೊಂಡನು. ಗಾಜಿನ ಮೇಲಣ ಹಸುರು ಪೊರೆಯನ್ನು ಪುಟ್ಟ ಶಂಖದ ಹುಳುವೊಂದು ನಾಲಗೆಯಿಂದ ಕೆರೆದು ತಿನ್ನುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹುಲ್ಲುಗಾವಲಿನಲ್ಲಿ ಕುಡುಗೋಲು ಬೀಸುತ್ತ ಸಾಗುವ ರೈತನಿಗೆ ಅದನ್ನು ಹೋಲಿಸಿದನು.

1853ರ ಮೇ ತಿಂಗಳಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಿತು. ಸಾರ್ವಜನಿಕರಿಗಾಗಿ ತೆರೆದ ಮೊದಲನೆಯ ಅಕ್ವೇರಿಯಂ ಅದು. ಅದಕ್ಕೆ ಬೇಕಾದ ಕಡಲಜೀವಿಗಳಲ್ಲಿ ಹಲವನ್ನು ಗಾಸನೇ ಒದಗಿಸಿದನು. 1854ರಲ್ಲಿ ಆತನ ‘ದಿ ಅಕ್ವೇರಿಯಂ’ ಎಂಬ ಗ್ರಂಥವು, ಆತನೇ ಬರೆದ ಬಣ್ಣದ ಚಿತ್ರಗಳೊಡನೆ ಹೊರಬಂದಿತು. ಅದುವರೆಗೆ ಈ ತೊಟ್ಟಿಗೆ ನಾಲಗೆ ತೊಡರುವಂಥ ಹೆಸರುಗಳಿದ್ದುವು. ಚಿಕ್ಕದೂ ಸುಲಭವೂ ಆದ ‘ಅಕ್ವೇರಿಯಂ’ ಎಂಬ ಪದವನ್ನು ಗಾಸನು ಆರಿಸಿದನು, ಲೋಕ ಒಪ್ಪಿಕೊಂಡಿತು.

ಕಡಲಿನಿಂದ ದೂರವಿರುವ ಪಟ್ಟಣಿಗರು ಉಪ್ಪುನೀರಿಗೆ ಏನು ಮಾಡಬೇಕು? ಅದಕ್ಕೂ ಗಾಸನು ದಾರಿ ಕಂಡುಹಿಡಿದನು. ಅಡಿಗೆಯ ಉಪ್ಪು, ಎಪ್ಸಂ ಉಪ್ಪು, ಮೆಗ್ನೀಷಿಯಂ ಕ್ಲೋರೈಡು, ಪೊಟಾಸಿಯಂ ಕ್ಲೋರೈಡು, ಈ ನಾಲ್ಕನ್ನು ತೂಗಿ ಸಿಹಿನೀರಿಗೆ ಬೆರೆಸಿ ಕೃತಕ ಸಮುದ್ರವನ್ನು ತಯಾರಿಸಿದನು. ಆ ನೀರನ್ನು ಗಾಜಿನ ಆಲಿಕೆಯಲ್ಲಿಟ್ಟ ಸ್ಪಂಜಿನ ಮೂಲಕ ಸೋಸಿ, ತೊಳೆದ ಕಡಲ ಕಲ್ಲುಹರಳುಗಳನ್ನು ಹಾಸಿದ ಜಾಡಿಗೆ ಹೊಯ್ದನು. ಆದರೆ ಪ್ರಾಣಿಗಳನ್ನು ಕೂಡಲೇ ಬಿಡಲಿಲ್ಲ. ಹಸುರು ಕಳೆ ಬೆಳೆದಿರುವ ಕಲ್ಲುಗಳನ್ನು ಮೊದಲು ಇಟ್ಟು, ನೀರು ಹದಗೊಳ್ಳಲೆಂದು ಸುಮಾರು ಒಂದು ವಾರ ಕಾದನು.

ಈ ಕಾಯುವಿಕೆಯ ಅರ್ಥ ಗಾಸನಿಗೆ ಅರ್ಧ ಮಾತ್ರ ತಿಳಿದಿತ್ತು. ಪ್ರಾಣಿಗಳ ಮಲದಿಂದ ಹುಟ್ಟುವ ಅಮೋನಿಯಾ ಘೋರವಾದ ವಿಷ. ಕಲ್ಲುಹರಳಿನ ಮೇಲೂ ಸ್ಪಂಜಿನ ರಂಧ್ರಗಳಲ್ಲಿಯೂ ನೆಲಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಜೀವಾಣುಗಳ ಬಗೆಯನ್ನು ರಷ್ಯದ ವಿನೊಗ್ರಾಡ್ಸ್ಕಿ ಸ್ಪಷ್ಟಪಡಿಸಿದ್ದು 1890ರ ಹೊತ್ತಿಗೆ. ಅಷ್ಟರಲ್ಲಿ ಗಾಸನು ತೀರಿಕೊಂಡಿದ್ದನು. ಇಂದಿನ ಫಿಲ್ಟರುಗಳ ಮುಖ್ಯ ಕೆಲಸವೂ ಇದೇ: ಕಸ ಹಿಡಿಯುವುದಕ್ಕಿಂತ ಹೆಚ್ಚಾಗಿ ಈ ಕಾಣದ ಕೆಲಸಗಾರರಿಗೆ ಮನೆ ಕೊಡುವುದು. ಅದರಿಂದಲೇ ಬಲ್ಲವರು ಫಿಲ್ಟರಿನ ಸ್ಪಂಜನ್ನು ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆಯದೆ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡುತ್ತಾರೆ. ಹೊಸ ತೊಟ್ಟಿಯಾದರೆ ಕೆಲವು ವಾರ ತಾಳ್ಮೆಯಿಂದಿದ್ದು ಆಮೇಲೆ ಒಂದೊಂದಾಗಿ ಮೀನು ಬಿಡುತ್ತಾರೆ. ಪಾಚಿಯೂ ಅಷ್ಟೆ. ಅದು ಶತ್ರುವಲ್ಲ, ಸುದ್ದಿ ತರುವ ದೂತ. ಬೆಳಕು ಹೆಚ್ಚಾಯಿತು, ಉಣಿಸು ಹೆಚ್ಚಾಯಿತು ಎಂದು ಹೇಳಲು ಬಂದದ್ದು. ಬಿಸಿಲು ಬೀಳುವ ಕಿಟಕಿಯಿಂದ ತೊಟ್ಟಿಯನ್ನು ಸರಿಸಿ, ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕಿ, ಆಗಾಗ ಸ್ವಲ್ಪ ನೀರು ಬದಲಾಯಿಸಿ, ನಾಲ್ಕು ಗಿಡ ಹೆಚ್ಚು ನೆಟ್ಟರೆ ದೂತನು ತಾನಾಗಿ ಹಿಂದಿರುಗುತ್ತಾನೆ.

ಗಾಸನ ಪುಸ್ತಕಗಳು ಇಂಗ್ಲೆಂಡಿನಲ್ಲಿ ಒಂದು ಹುಚ್ಚನ್ನೇ ಎಬ್ಬಿಸಿದುವು. ಗಾಜಿನ ಮೇಲಣ ತೆರಿಗೆ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲು ಕಡಲತೀರವನ್ನು ಹತ್ತಿರ ತಂದಿತ್ತು. ಸಿರಿವಂತರ ಮನೆಗಳಲ್ಲೆಲ್ಲ ತೊಟ್ಟಿಗಳು ಕಾಣಿಸಿಕೊಂಡುವು. ಲಂಡನ್ನಿನಲ್ಲಿ ಇದಕ್ಕೆಂದೇ ಅಂಗಡಿಗಳು ಎದ್ದುವು. 1856ರಲ್ಲಿ ರಾಯಲ್ ಸೊಸೈಟಿಯು ಗಾಸನನ್ನು ತನ್ನ ಸದಸ್ಯನನ್ನಾಗಿ ಆರಿಸಿತು. ಶಾಲೆಯನ್ನು ಅರ್ಧದಲ್ಲಿ ಬಿಟ್ಟ ಗುಮಾಸ್ತನಿಗೆ ಇದಕ್ಕಿಂತ ಹೆಚ್ಚಿನ ಗೌರವ ಯಾವುದು?

ಆದರೆ ಏರಿದ ಅಲೆ ಇಳಿಯಲೇಬೇಕಷ್ಟೆ. 1857ರ ಫೆಬ್ರವರಿಯಲ್ಲಿ ಎಮಿಲಿ ಸ್ತನದ ಕ್ಯಾನ್ಸರಿನಿಂದ ಬಹಳ ನರಳಿ ತೀರಿಕೊಂಡಳು. ಏಳು ವರ್ಷದ ಮಗನನ್ನು ಕರೆದುಕೊಂಡು ಗಾಸನು ಡೆವನ್ನಿನ ಸೇಂಟ್ ಮೇರಿಚರ್ಚಿಗೆ ಹೋಗಿ ನೆಲಸಿದನು. ಅದೇ ವರ್ಷ ‘ಆಂಫಲಾಸ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಭೂಮಿಯ ಪದರಗಳು ಕೋಟ್ಯಂತರ ವರ್ಷಗಳ ಕಥೆಯನ್ನು ಹೇಳುತ್ತವೆ. ಬೈಬಲು ಆರು ದಿನಗಳ ಸೃಷ್ಟಿಯನ್ನು ಹೇಳುತ್ತದೆ. ಎರಡನ್ನೂ ಬಿಡಲಾರದ ಗಾಸನು, ದೇವರು ಜಗತ್ತನ್ನು ಸೃಷ್ಟಿಸುವಾಗಲೇ ಹಳೆಯದರಂತೆ ಸೃಷ್ಟಿಸಿದನೆಂದು ವಾದಿಸಿದನು. ಆದಿಪುರುಷನಿಗೆ ಹೊಕ್ಕುಳಿದ್ದಂತೆ, ಮೊದಲ ಮರದಲ್ಲಿಯೂ ಉಂಗುರಗಳಿದ್ದಂತೆ, ಬಂಡೆಗಳಲ್ಲಿ ಪಳೆಯುಳಿಕೆಗಳಿದ್ದುವೆಂದು ಆತನ ನಿಲುವು. ಇದರಿಂದ ವಿಜ್ಞಾನಿಗಳೂ ಭಕ್ತರೂ ಒಂದಾಗುವರೆಂದು ನಂಬಿದ್ದನು; ಇಬ್ಬರೂ ಒಂದಾಗಿ ತಿರಸ್ಕರಿಸಿದರು. ಆತ್ಮೀಯನಾಗಿದ್ದ ಕಿಂಗ್ಸ್ಲಿಯೇ, ದೇವರು ಕಲ್ಲಿನ ಮೇಲೆ ಸುಳ್ಳು ಬರೆದನೆಂದು ತಾನು ನಂಬಲಾರೆನೆಂದು ತಿಳಿಸಿದನು. ಜಾಡಿಯ ಮುಂದೆ ಕುಳಿತಾಗ ತಾನು ಕಂಡದ್ದನ್ನೇ ಬರೆಯುತ್ತಿದ್ದ ಕಣ್ಣು, ಇಲ್ಲಿ ಕಾಣಬೇಕೆಂದು ಬಯಸಿದ್ದನ್ನು ಬರೆಯಿತು. ಆತನು ಸುಳ್ಳುಗಾರನಾಗಿರಲಿಲ್ಲ. ಎರಡು ಪ್ರೀತಿಗಳ ನಡುವೆ ಸಿಕ್ಕಿಕೊಂಡ ಪ್ರಾಮಾಣಿಕನಾಗಿದ್ದನು.

ಇನ್ನೊಂದು ದುಃಖ ಮೆಲ್ಲಮೆಲ್ಲನೆ ಬಂದಿತು. ಆತನ ಪುಸ್ತಕಗಳನ್ನೋದಿದ ಜನ ಬುಟ್ಟಿ, ಉಳಿ, ಸುತ್ತಿಗೆಗಳನ್ನು ಹಿಡಿದು ಡೆವನ್ನಿನ ತೀರಕ್ಕೆ ಮುತ್ತಿಗೆ ಹಾಕಿದರು. ಯುಗಯುಗಗಳಿಂದ ಯಾರೂ ಮುಟ್ಟದೆ ಇದ್ದ ಬಂಡೆಗುಂಡಿಗಳು ಕೆಲವೇ ವರ್ಷಗಳಲ್ಲಿ ಬರಿದಾದುವು. ತಂದವುಗಳಲ್ಲಿ ಹೆಚ್ಚಿನವು ತಿಳಿವಳಿಕೆಯಿಲ್ಲದವರ ಜಾಡಿಗಳಲ್ಲಿ ಕೊಳೆತು ಸತ್ತುವು. ಪ್ರತಿಯೊಂದು ಜೀವಿಯನ್ನೂ ಭಕ್ತಿಯಿಂದ ಮುಟ್ಟುತ್ತಿದ್ದ ಮನುಷ್ಯ ತಾನೇ ಈ ಹಾನಿಗೆ ಕಾರಣನಾದೆನೆಂದು ಅರಿತು ನೊಂದುಕೊಂಡನೆಂದು ಮಗನು ಬರೆದಿದ್ದಾನೆ.

ಆದರೂ ಗಾಸನು ಕೈಕಟ್ಟಿ ಕೂಡಲಿಲ್ಲ. 1858ರಿಂದ 1860ರವರೆಗೆ ಬ್ರಿಟನ್ನಿನ ಅನಿಮೋನುಗಳನ್ನು ಕುರಿತ ಮಹಾಗ್ರಂಥವನ್ನು ಮುಗಿಸಿದನು. 1860ರಲ್ಲಿ ಎಲೈಜಾ ಬ್ರೈಟ್ವೆನ್ ಎಂಬಾಕೆಯನ್ನು ಮದುವೆಯಾದನು. ಮನೆಯಲ್ಲಿ ನೆಮ್ಮದಿ ಮರಳಿತು. ಆರ್ಕಿಡ್ ಹೂಗಳನ್ನು ಬೆಳೆಸಿದನು. ಅವುಗಳ ವಿಷಯವಾಗಿ, ತಾನು ಒಪ್ಪದ ಸಿದ್ಧಾಂತದ ಕರ್ತೃವಾದ ಡಾರ್ವಿನ್ನನೊಡನೆಯೂ ಸೌಹಾರ್ದದಿಂದ ಪತ್ರವ್ಯವಹಾರ ನಡೆಸಿದನು. ಮುಪ್ಪಿನಲ್ಲಿ ಸಿಹಿನೀರಿನ ಸೂಕ್ಷ್ಮಜೀವಿಗಳಾದ ರೋಟಿಫರುಗಳ ಅಭ್ಯಾಸಕ್ಕೆ ಮರಳಿದನು. ಹಡ್ಸನ್ನನೊಡನೆ ಆತನು ಸಿದ್ಧಪಡಿಸಿದ ಗ್ರಂಥ 1886ರಲ್ಲಿ ಬಂದಿತು. 1888ನೆಯ ಇಸವಿ ಆಗಸ್ಟ್ 23ರಂದು, 78ನೆಯ ವಯಸ್ಸಿನಲ್ಲಿ ಗಾಸನು ಕಾಲವಾದನು.

ಮಗ ಎಡ್ಮಂಡ್ ತಂದೆಯ ಮತನಿಷ್ಠೆಯನ್ನು ತೊರೆದು ಪ್ರಸಿದ್ಧ ಸಾಹಿತ್ಯ ವಿಮರ್ಶಕನಾದನು. 1907ರಲ್ಲಿ ಆತನು ತನ್ನ ಹೆಸರಿಲ್ಲದೆ ಪ್ರಕಟಿಸಿದ ‘ಫಾದರ್ ಅಂಡ್ ಸನ್’ ಎಂಬ ಗ್ರಂಥದಿಂದ ಲೋಕವು ಗಾಸನನ್ನು ಕಠೋರನಾದ ತಂದೆಯೆಂದೇ ಹೆಚ್ಚಾಗಿ ನೆನೆಯಿತು. ಅದೂ ಸತ್ಯದ ಒಂದು ಮುಖವಿರಬಹುದು. ಆದರೆ ತೀರದ ತಣ್ಣೀರಿನಲ್ಲಿ ಎದೆಮಟ್ಟ ನಿಂತು, ಅಂಗೈಯಗಲದ ಬಂಡೆಯಲ್ಲಿ ಬ್ರಹ್ಮಾಂಡವನ್ನು ಮಗನಿಗೆ ತೋರಿಸಿದವನೂ ಅದೇ ತಂದೆ.

ಪ್ರಿಯ ವಾಚಕರೇ, ಗಾಜಿನ ತೊಟ್ಟಿ ಆಟದ ಸಾಮಾನಲ್ಲ. ಅದರೊಳಗಿನ ಜೀವಿಗಳಿಗೆ ನೀರನ್ನು ಆರಿಸಿಕೊಳ್ಳುವ, ಹೊರಗೆ ಓಡುವ ಸ್ವಾತಂತ್ರ್ಯವಿಲ್ಲ. ಅವುಗಳ ಮಳೆ, ಬಿಸಿಲು, ಹೊಳೆ ಎಲ್ಲವೂ ನಾವೇ. ನೋಡುವ ಕುತೂಹಲದೊಡನೆ ಕಾಯುವ ತಾಳ್ಮೆಯೂ ಸಲಹುವ ಹೊಣೆಯೂ ಕೂಡಿದರೆ ತೊಟ್ಟಿ ಪಾಠಶಾಲೆಯಾಗುತ್ತದೆ, ಇಲ್ಲವಾದರೆ ಸೆರೆಮನೆಯಾಗುತ್ತದೆ. ಗಾಸನ ಗೆಲುವೂ ಗಾಸನ ನೋವೂ ನಮಗೆ ಕಲಿಸುವುದು ಇದನ್ನೇ.